ಸೀಲಿಂಗ್ ಟ್ಯಾಗ್ ಬಳಕೆಯ ಕುರಿತು ಸೂಚನೆ

ಬೆಳಗಾವಿ ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ರೆವಿಟ್ (ಕಟ್ಟಡ ವಿನ್ಯಾಸದ ತಂತ್ರಾಂಶ) ನಕ್ಷೆಗಳಲ್ಲಿ ಸೀಲಿಂಗಿನ ಎತ್ತರವನ್ನು ಬರಿಯ ಟೆಕ್ಸ್ಟ್ ಆಗಿ ಬರೆಯುವ ರೂಢಿಯನ್ನು ದಯವಿಟ್ಟು ಕೈಬಿಡಬೇಕು. ಮಾಡೆಲ್‌ನಲ್ಲಿ ಸೀಲಿಂಗನ್ನು ಮೇಲೆ ಕೆಳಗೆ ಮಾಡಿದರೂ ಆ ಬರಹ ಹಳೆಯ ಅಂಕಿಯನ್ನೇ ತೋರಿಸುತ್ತಿರುತ್ತದೆ. ಸೈಟಿನಲ್ಲಿ ಜಿಪ್ಸಮ್ ಕೆಲಸದವರು ನಂಬುವುದು ಹಾಳೆಯ ಮೇಲಿನ ಅಂಕಿಯನ್ನೇ. ಆದ್ದರಿಂದ ರಿಫ್ಲೆಕ್ಟೆಡ್ ಸೀಲಿಂಗ್ ಪ್ಲ್ಯಾನ್ (ಸೀಲಿಂಗನ್ನು ತೋರಿಸುವ ನಕ್ಷೆ) ತೆರೆದು, ಟೈಪ್ ಮಾರ್ಕ್ (ಸೀಲಿಂಗಿನ ಬಗೆಯ ಗುರುತು) ಮತ್ತು ಎತ್ತರ ಎರಡನ್ನೂ ತೋರಿಸುವ ಸೀಲಿಂಗ್ ಟ್ಯಾಗ್ ಫ್ಯಾಮಿಲಿಯನ್ನು (ಮಾಡೆಲ್‌ನಿಂದಲೇ ಅಂಕಿಯನ್ನು ಓದಿ ತೋರಿಸುವ ಗುರುತಿನ ಫೈಲ್) ಲೋಡ್ ಮಾಡಿಕೊಂಡು, ಟ್ಯಾಗ್ ಆಲ್ ಆಜ್ಞೆಯಿಂದ ಆ ನಕ್ಷೆಯ ಎಲ್ಲ ಸೀಲಿಂಗ್‌ಗಳಿಗೂ ಒಮ್ಮೆಲೇ ಗುರುತು ಹಾಕಬಹುದು.

ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕೆಂದು ನನ್ನ ಒತ್ತಾಯ. ಟ್ಯಾಗ್ ತೋರಿಸುವ ಎತ್ತರವು ಲೆವೆಲ್‌ನಿಂದ (ಮಾಡೆಲ್‌ನಲ್ಲಿ ಆ ಅಂತಸ್ತಿಗೆ ಇಟ್ಟ ಆಧಾರ ಮಟ್ಟ) ಸೀಲಿಂಗಿನ ಕೆಳಮೈವರೆಗಿನದು, ಮುಗಿದ ನೆಲದಿಂದ ಅಳೆದದ್ದಲ್ಲ. ಲೆವೆಲ್ ಅನ್ನು ಸ್ಲ್ಯಾಬಿನ ಮೇಲ್ಮೈಗೆ ಇಟ್ಟಿದ್ದು, ಅದರ ಮೇಲೆ ಇಳಕಲ್ ಗ್ರಾನೈಟ್ ಮತ್ತು ಗಾರೆ ಸೇರಿ 75 ಮಿ.ಮೀ. ಬರುವುದಾದರೆ, ಟ್ಯಾಗ್‌ನಲ್ಲಿ 2700 ಮಿ.ಮೀ. ಎಂದಿದ್ದರೂ ಕೋಣೆಯಲ್ಲಿ ಸಿಗುವುದು 2625 ಮಿ.ಮೀ. ಮಾತ್ರ. ಹೀಗಾಗಿ ಎತ್ತರವನ್ನು ಯಾವ ಮಟ್ಟದಿಂದ ಅಳೆಯಲಾಗಿದೆ ಎಂಬುದನ್ನು ಪ್ರತಿ ಸೀಲಿಂಗ್ ಹಾಳೆಯ ಟಿಪ್ಪಣಿಯಲ್ಲಿ ತಪ್ಪದೆ ನಮೂದಿಸಿರಿ.

ಸಿದ್ಧಪಡಿಸಿದ ಟ್ಯಾಗ್ ಫ್ಯಾಮಿಲಿ ಇರುವವರು ಅದನ್ನು ಇಲ್ಲಿ ಹಂಚಿಕೊಂಡರೆ ಎಲ್ಲರ ಹಾಳೆಗಳೂ ಒಂದೇ ರೀತಿ ಇರುತ್ತವೆ.