ಖಾಲಿ ಡಬ್ಬಿ ಹೆಂಗೆ ವಾಪಸ್ ಕೊಡೋದು

ನ್ಯೂರೆಂಬರ್ಗ್, ಜರ್ಮನಿ
ಡಿಸೆಂಬರ್ 26

ಅಮ್ಮ, ಅಪ್ಪಾಜಿ, ಅಜ್ಜಿ, ಎಲ್ಲರಿಗೂ ನಮಸ್ಕಾರ.

ನಾವು ಆರಾಮ ಇದ್ದೇವೆ. ದಿನಾ ಫೋನಲ್ಲಿ ಮಾತಾಡುತ್ತೀವಲ್ಲ, ಇದೇನು ಪತ್ರ ಅಂತ ಅಪ್ಪಾಜಿ ಕೇಳಬಹುದು. ಫೋನಲ್ಲಿ ನನ್ನ ಸರದಿ ಬರುವುದೇ ಇಲ್ಲ ಅಪ್ಪಾಜಿ. ಪುಟ್ಟಿ ಹಿಡಿದುಕೊಂಡರೆ ಬಿಡುವುದಿಲ್ಲ, ಅಜ್ಜಿಗೆ ಅರ್ಧ ಕೇಳುವುದಿಲ್ಲ, ಕೊನೆಗೆ "ಊಟ ಆಯ್ತಾ, ಚಳಿ ಜಾಸ್ತಿನಾ" ಅನ್ನುವುದರಲ್ಲೇ ಮುಗಿದು ಹೋಗುತ್ತೆ. ಇದನ್ನ ಅಜ್ಜಿಗೆ ಜೋರಾಗಿ ಓದಿ ಹೇಳಿ. ಹೇಗೂ ಇವತ್ತೂ ಇಲ್ಲಿ ರಜೆ, ಅಂಗಡಿ ಮುಂಗಟ್ಟು ಎಲ್ಲ ಬಂದ್, ಸಂಜೆ ನಾಲ್ಕೂಕಾಲಿಗೇ ಕತ್ತಲಾಗುತ್ತೆ, ಬರೆಯೋಕೆ ಬೇಕಾದಷ್ಟು ಹೊತ್ತಿದೆ.

ಅಮ್ಮ, ನೀವು ಕಳಿಸಿದ ಪಾರ್ಸೆಲ್ ಅಂತೂ ಬಂತು. ಹನ್ನೊಂದು ದಿನ ಎಲ್ಲಿ ಕೂತಿತ್ತೋ ಗೊತ್ತಿಲ್ಲ, ಒಂದು ಮೂಲೆ ಒಡೆದು ಟೇಪ್ ಸುತ್ತಿದ್ದರು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಚೆನ್ನಾಗಿವೆ. ಮಂಡಕ್ಕಿ ಮಾತ್ರ ಅರ್ಧ ಪುಡಿಯಾಗಿದೆ. ಇವರು "ಭಟ್ಟಿಯಿಂದ ಇಷ್ಟು ದೂರ ಬಂದಿದೆ, ಸುಸ್ತಾಗಿರುತ್ತೆ ಬಿಡು" ಅಂದರು. ಪುಡಿಯಾದರೂ ಅದೇ ನಮ್ಮ ಮಾನ ಉಳಿಸಿತು. ಆ ಕತೆ ಹೇಳೋಕೇ ಈ ಪತ್ರ.

ಕೆಳಗಿನ ಮನೆಯಲ್ಲಿ ಒಬ್ಬರು ವಯಸ್ಸಾದವರು ಇದ್ದಾರೆ ಅಂದಿದ್ದೆನಲ್ಲ, ಒಬ್ಬರೇ ಇರುವುದು. ಪುಟ್ಟಿ ಅವರನ್ನ ಓಮಾ ಅನ್ನುತ್ತಾಳೆ, ಇಲ್ಲಿ ಅಜ್ಜಿಗೆ ಹಾಗೇ ಕರೆಯುವುದು. ನಮ್ಮ ಅಜ್ಜಿ ಬೇಜಾರು ಮಾಡಿಕೊಳ್ಳಬಾರದು, ನೀನು ಅಜ್ಜಿನೇ, ಅವರು ಓಮಾ. ಈ ತಿಂಗಳ ಆರನೇ ತಾರೀಖಿನ ಹಬ್ಬಕ್ಕೆ ಅವರೇ ಪುಟ್ಟಿಗೆ ಹೇಳಿಕೊಟ್ಟಿದ್ದು, ಹಿಂದಿನ ರಾತ್ರಿ ಬೂಟು ತೊಳೆದು ಬಾಗಿಲ ಹೊರಗೆ ಇಡಬೇಕು, ಸಂತ ನಿಕೋಲಸ್ ಬಂದು ಏನಾದರೂ ಹಾಕಿ ಹೋಗುತ್ತಾನೆ ಅಂತ. ಬೆಳಿಗ್ಗೆ ನೋಡಿದರೆ ಅಕ್ರೋಟು, ಕಿತ್ತಳೆ, ಚಾಕೊಲೇಟು. ಈಗ ಅವಳಿಗೆ ಒಂದೇ ಚಿಂತೆ, ದಾವಣಗೆರೆಯಲ್ಲಿ ಅಜ್ಜ ಚಪ್ಪಲಿ ಹೊರಗೇ ಬಿಡುತ್ತಾರಲ್ಲ, ಅದಕ್ಕೆ ಯಾರು ಏನು ಹಾಕುತ್ತಾರೆ? ನಾನು "ಯಾರೂ ಹಾಕಲ್ಲ, ಬೀದಿನಾಯಿ ಒಂದನ್ನ ಒಯ್ಯುತ್ತೆ" ಅಂದೆ. ಅಪ್ಪಾಜಿ, ಹೊಸ ಚಪ್ಪಲಿನಾದರೂ ಒಳಗೆ ಇಡ್ತಿದ್ದೀರಾ?

ಸಂತೆಗೂ ಹೋಗಿದ್ದೆವು. ಇಲ್ಲಿನ ಕ್ರಿಸ್ಮಸ್ ಸಂತೆ ದೊಡ್ಡ ಹೆಸರು ಮಾಡಿದ್ದು. ಊರ ನಡುವಿನ ಚೌಕದಲ್ಲಿ ಮರದ ಅಂಗಡಿಗಳು ಸಾಲಾಗಿ ನಿಲ್ಲುತ್ತವೆ, ಮೇಲೆ ಕೆಂಪು ಬಿಳಿ ಪಟ್ಟೆ ಬಟ್ಟೆ, ಸುಟ್ಟ ಬಾದಾಮಿ ಸಕ್ಕರೆಯ ವಾಸನೆ. ಒಣಗಿದ ಪ್ಲಮ್ ಹಣ್ಣು ಪೋಣಿಸಿ ಗೊಂಬೆ ಮಾಡಿ ಮಾರುತ್ತಾರೆ, ಟೋಪಿ ಅಂಗಿ ಎಲ್ಲ ಹಾಕಿ, ಮುಖ ಥೇಟ್ ನಮ್ಮ ಓಣಿ ಮುದುಕರ ಥರ. ಸಂತೆ ಶುರುವಾಗೋ ದಿನ ಚಿನ್ನದ ಬಣ್ಣದ ಗುಂಗುರು ಕೂದಲು ಹಾಕಿಕೊಂಡ ಹುಡುಗಿ ಚರ್ಚಿನ ಬಾಲ್ಕನಿ ಮೇಲೆ ನಿಂತು ಎಲ್ಲರನ್ನೂ ಕರೆಯುತ್ತಾಳೆ. ಅವಳನ್ನ ಕ್ರಿಸ್ಟ್‌ಕಿಂಡ್ ಅನ್ನುತ್ತಾರೆ, ಎರಡು ವರ್ಷಕ್ಕೊಮ್ಮೆ ಹೊಸಬಳನ್ನ ಆರಿಸುತ್ತಾರಂತೆ. ಅದನ್ನ ಕೇಳಿದ ತಕ್ಷಣ ನನಗೆ ನಮ್ಮೂರ ದುಗ್ಗಮ್ಮನ ಜಾತ್ರೆ ನೆನಪಾಯಿತು, ಅದೂ ಎರಡು ವರ್ಷಕ್ಕೊಮ್ಮೆ ಅಲ್ವಾ. ಇಷ್ಟು ಜನ ಇದ್ದರೂ ಎಲ್ಲೂ ಮೆಣಸಿನಕಾಯಿ ಬಜ್ಜಿ ಇಲ್ಲ ಅನ್ನೋದೇ ಕೊರತೆ. ಈ ಚಳಿಗೆ ಒಂದು ಗಾಡಿ ಹಾಕಿದರೆ ಇವರು ಕೆಲಸ ಬಿಡಬಹುದು.

ಸರಿ, ಡಬ್ಬಿ ವಿಷಯ. 23ಕ್ಕೆ ಓಮಾ ಮೇಲೆ ಬಂದು ಒಂದು ತಗಡಿನ ಡಬ್ಬಿ ಕೊಟ್ಟರು. ಹಳೇ ಡಬ್ಬಿ, ಮುಚ್ಚಳದ ಮೇಲಿನ ಚಿತ್ರ ಸವೆದು ಬರೀ ಒಂದು ಕುದುರೆ ಉಳಿದಿದೆ. ಒಳಗೆ ಕರ್ಜಿಕಾಯಿ ಥರ ಬಾಗಿದ ಸಣ್ಣ ಬಿಸ್ಕತ್ತು, ಬಾದಾಮಿ ಪುಡಿ, ಬೆಣ್ಣೆ ಹಾಕಿ ಮಾಡಿದ್ದು, ಮೇಲೆ ವೆನಿಲಾ ಸಕ್ಕರೆ ಉದುರಿಸಿ. ವನಿಲ್ಲೆಕಿಪ್‌ಫರ್ಲ್ ಅಂತ ಹೆಸರು, ಬಾಯಿ ತಿರುಗೋದು ಕಷ್ಟ, ಬಾಯಿಗೆ ಹಾಕಿದರೆ ಮಾತ್ರ ಹಾಗೇ ಕರಗುತ್ತೆ. ಅಜ್ಜಿ ಕೇಳೋ ಮೊದಲೇ ಹೇಳಿಬಿಡುತ್ತೇನೆ, ಮೊಟ್ಟೆ ಇಲ್ಲ. ನಾವು ತಿನ್ನಲ್ಲ ಅಂತ ಯಾವತ್ತೋ ಅಂದಿದ್ದೆ, ನೆನಪಿಟ್ಟುಕೊಂಡು ನಮಗೆ ಬೇರೆ ಮಾಡಿದ್ದಾರೆ.

ತಿಂದು ಮುಗಿಯಿತು. ಡಬ್ಬಿ ತೊಳೆದು ಒರೆಸಿದೆ. ಆಮೇಲೆ ಕೈಯಲ್ಲೇ ಹಿಡಿದು ನಿಂತೆ ಅಮ್ಮ. ಎದುರು ಮನೆ ಟೀಚರ್ ಕ್ರಿಸ್ಮಸ್ಸಿಗೆ ತಟ್ಟೆ ತುಂಬ ಕೇಕು, ಕರ್ಜಿಕಾಯಿ, ಚಕ್ಕುಲಿ ಕಳಿಸುತ್ತಿದ್ದರು. ಅವತ್ತು ಸಂಜೆ ನಮ್ಮನ್ನೆಲ್ಲ ಚರ್ಚಿಗೆ ಕರೆದುಕೊಂಡು ಹೋಗಿ ಗೋದಲಿ ತೋರಿಸುತ್ತಿದ್ದರು, ಆ ಹುಲ್ಲಿನ ಮೇಲೆ ಮಲಗಿಸಿದ ಪಾಪು ನೋಡೋಕೆ ತಮ್ಮ ಎಷ್ಟು ನೂಕಾಡುತ್ತಿದ್ದ. ನೀನು ಆ ತಟ್ಟೆ ಒಂದು ದಿನವೂ ಖಾಲಿ ಕೊಟ್ಟಿದ್ದಿಲ್ಲ. ಏನೂ ಇಲ್ಲ ಅಂದರೆ ಒಂದು ಹಿಡಿ ಸಕ್ಕರೆನಾದರೂ ಹಾಕುತ್ತಿದ್ದೆ. ಖಾಲಿ ತಟ್ಟೆ ಹಿಡಿದು ದಾಟಲು ಹೋಗಿ ಬಾಗಿಲಲ್ಲೇ ಬೈಸಿಕೊಂಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಇಲ್ಲಿ 24ಕ್ಕೆ ಮಧ್ಯಾಹ್ನ ಎರಡಕ್ಕೆಲ್ಲ ಅಂಗಡಿ ಮುಚ್ಚುತ್ತವೆ, 25, 26 ಪೂರ್ತಿ ರಜೆ. ಹಾಲು ತರಕಾರಿ ಎಲ್ಲ ಮೊದಲೇ ತಂದಿಡಬೇಕು. ನಾನು ಮರೆತಿದ್ದೆ. ಮನೆಯಲ್ಲಿ ಇದ್ದಿದ್ದು ಅಕ್ಕಿ, ಉದ್ದಿನಬೇಳೆ, ಬೆಣ್ಣೆ, ಮೂರು ಹಸಿಮೆಣಸಿನಕಾಯಿ, ಒಣ ಕೊಬ್ಬರಿ ತುರಿ, ಮತ್ತೆ ನಿಮ್ಮ ಪುಡಿ ಮಂಡಕ್ಕಿ. ಬೆಣ್ಣೆ ದೋಸೆನೇ ಮಾಡೋಣ ಅಂದರು ಇವರು. ನಾಲ್ಕು ಲೋಟ ಅಕ್ಕಿ, ಒಂದು ಲೋಟ ಬೇಳೆ, ಒಂದು ಚಮಚ ಮೆಂತ್ಯ ನೆನೆಹಾಕಿ, ರುಬ್ಬುವಾಗ ಎರಡು ಲೋಟ ಮಂಡಕ್ಕಿ ನೆನೆಸಿ ಸೇರಿಸಿದೆ. ರುಬ್ಬಿದೆ ಸರಿ, ಈ ಚಳಿಗೆ ಹಿಟ್ಟು ಉಬ್ಬಬೇಕಲ್ಲ. ಹೀಟರ್ ಮೇಲೆ ಇಟ್ಟೆ, ರಾತ್ರಿ ಹತ್ತಾದರೂ ಅಲುಗಲಿಲ್ಲ. ಓವನ್ ಒಳಗೆ ಬರೀ ದೀಪ ಹಾಕಿ ಇಟ್ಟು ಮಲಗಿದೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಹಿಟ್ಟು ಪಾತ್ರೆ ಬಿಟ್ಟು ಇಳಿದು ಓವನ್ ತಳದಲ್ಲಿ ಕೆರೆ ಕಟ್ಟಿದೆ! ಕ್ರಿಸ್ಮಸ್ ಬೆಳಿಗ್ಗೆ ನಿಮ್ಮ ಅಳಿಯ ಒಂದೂವರೆ ಗಂಟೆ ಮಂಡಿಯೂರಿ ಕೂತು ಅದನ್ನ ಕೆರೆದರು. ಉಳಿದ ಹಿಟ್ಟು ಮಾತ್ರ, ಹೇಳಬಾರದು, ಜಾಲರಿ ಥರ ಹುಳಿ ಬಂದಿತ್ತು.

ಪಲ್ಯಕ್ಕೆ ಆಲೂಗಡ್ಡೆ ಇಲ್ಲ. ಏನು ಮಾಡೋದು? ಓಮಾ ಬಾಗಿಲನ್ನೇ ತಟ್ಟಿದೆ. ಅವರದೇ ಡಬ್ಬಿ ತುಂಬಿಸಿ ಕೊಡೋಕೆ ಅವರ ಹತ್ತಿರವೇ ಆಲೂಗಡ್ಡೆ ಸಾಲ! ಅವರು ನೆಲಮಾಳಿಗೆಗೆ ಹೋಗಿ ಒಂದು ಬುಟ್ಟಿ ತಂದು ಕೊಟ್ಟರು. "ನೀವೂ ಬನ್ನಿ, ಒಬ್ಬರೇ ಯಾಕೆ" ಅಂತ ಪುಟ್ಟಿ ಅವರ ಕೈ ಹಿಡಿದು ಎಳೆದುಕೊಂಡೇ ಬಂದಳು. ನಾನು ಕರೆಯೋಕೆ ಎರಡು ವರ್ಷದಿಂದ ಸಂಕೋಚ ಪಟ್ಟಿದ್ದೆ, ಹಬ್ಬದ ದಿನ ಮನೆಯವರು ಬಂದಿರುತ್ತಾರೇನೋ, ತಪ್ಪು ತಿಳಿಯುತ್ತಾರೇನೋ ಅಂತ. ಸುಮ್ನೆ.

ಇಲ್ಲಿ ಹುಳಿ ಬರಿಸಿದ ಕೆನೆ ಕಡೆದು ತೆಗೆದ ಬೆಣ್ಣೆ ಸಿಗುತ್ತೆ, ಉಪ್ಪು ಇರಲ್ಲ. ಬಣ್ಣ ಹಳದಿ, ಆದರೆ ಹಂಚಿನ ಮೇಲೆ ಬಿದ್ದಾಗ ವಾಸನೆ ಮನೆ ಬೆಣ್ಣೆಗೆ ಹತ್ತಿರ ಹತ್ತಿರ. ಮೊದಲ ದೋಸೆ ಹರಿಯಿತು, ಅದು ಯಾವಾಗಲೂ ನನ್ನ ಪಾಲು. ಎರಡನೆಯದು ದಪ್ಪಗೆ, ಅಂಚು ಗರಿಗರಿ, ಮೇಲೆ ಬೆಣ್ಣೆ ಮುದ್ದೆ. ಓಮಾ ಚಾಕು, ಫೋರ್ಕು ಹಿಡಿದು ಕೂತಿದ್ದರು. ಪುಟ್ಟಿ ಎರಡನ್ನೂ ಕಿತ್ತುಕೊಂಡು "ಹಿಂಗೆ ಮುರೀಬೇಕು, ಹಿಂಗೆ ಪಲ್ಯ ಒತ್ತಬೇಕು" ಅಂತ ಕನ್ನಡದಲ್ಲೇ ಪಾಠ ಶುರು ಮಾಡಿದಳು. ಅವರಿಗೆ ಅರ್ಥ ಆಗಿದ್ದು ಏನೋ, ಮೂರು ದೋಸೆ ತಿಂದರು. ಚಟ್ನಿ ಖಾರಕ್ಕೆ ಕಣ್ಣಲ್ಲಿ ನೀರು. ಆದರೂ ಬಿಡಲಿಲ್ಲ. ಆಲೂಗಡ್ಡೆ ಪಲ್ಯಕ್ಕೆ ಅರಿಶಿನ ಎಷ್ಟು ಹಾಕಿದೆ ಅಂತ ಕೇಳಿ ಬರೆದುಕೊಂಡರು. ಗಂಡ ತೀರಿಕೊಂಡ ಮೇಲೆ ಕ್ರಿಸ್ಮಸ್ ದಿನ ಬೆಳಿಗ್ಗೆ ಬೇಗ ಎದ್ದರೆ ಹೊತ್ತು ಹೋಗಲ್ಲ ಅಂತ ತಡವಾಗಿ ಏಳುತ್ತಿದ್ದೆ ಅಂದರು. ನಾನು ಏನೂ ಹೇಳಲಿಲ್ಲ, ಇನ್ನೊಂದು ಹುಯ್ದೆ.

ಡಬ್ಬಿಗೆ ಚಟ್ನಿಪುಡಿ, ಒಗ್ಗರಣೆ ಹಾಕಿದ ಖಾರ ಮಂಡಕ್ಕಿ ತುಂಬಿಸಿ ಕೊಟ್ಟೆ. ಗೆದ್ದೆ ಅಂದುಕೊಂಡೆ.

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಅದೇ ಕುದುರೆ ಡಬ್ಬಿ ಹೊಸ್ತಿಲ ಹೊರಗೆ ಕೂತಿದೆ ಅಮ್ಮ. ಈ ಸಲ ಶುಂಠಿ, ಲವಂಗ, ಜೇನು ಹಾಕಿದ ಲೇಬ್‌ಕೂಖೆನ್ ಅನ್ನೋ ಕೇಕಿನಂಥ ಬಿಸ್ಕತ್ತು ತುಂಬಿಸಿದ್ದಾರೆ.

ಅದಕ್ಕೆ ಕೇಳೋದು, ಸಂಕ್ರಾಂತಿಗೆ ಎಳ್ಳು ಬೆಲ್ಲ ಬೀರುವಾಗ ನಮ್ಮದೂ ಒಂದು ಪಾಲು ಬೇಗ ಕಳಿಸಿ. ಸಕ್ಕರೆ ಅಚ್ಚು ಬೇಡ, ದಾರಿಯಲ್ಲೇ ಪುಡಿಯಾಗುತ್ತೆ. ಕೊಬ್ಬರಿ ಚೂರು ಸಣ್ಣಗೆ ಹೆಚ್ಚಿ, ಓಮಾಗೆ ಹಲ್ಲು ಕಮ್ಮಿ.

ಇಂತಿ ನಿಮ್ಮ ಮಗಳು