ಶೇ 100ರ ಪಕ್ಕದಲ್ಲಿ ಖಾಲಿ ಉಳಿಯುವ ಷರಾ

ಮಾನ್ಯ ಸಂಪಾದಕರೇ,

ಸರ್ಕಾರದ ಇಂಥ ಯೋಜನೆ ಶೇ 100ರಷ್ಟು ಗುರಿ ಸಾಧಿಸಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಸೇವೆಯಲ್ಲಿದ್ದಷ್ಟು ಕಾಲವೂ ಅಂಥ ಅಂಕಿಗಳನ್ನು ಕೂಡಿಸಿ ಮೇಲಿನ ಕಚೇರಿಗೆ ಕಳುಹಿಸುವುದೇ ನನ್ನ ಕೆಲಸವಾಗಿತ್ತು. ಆದ್ದರಿಂದ ಆ ನೂರರೊಳಗೆ ಏನಿರುತ್ತದೆ, ಏನಿರುವುದಿಲ್ಲ ಎಂಬುದನ್ನು ಓದುಗರ ಗಮನಕ್ಕೆ ತರಲು ಈ ಪತ್ರ.

ಮಾಸಿಕ ಪ್ರಗತಿ ವರದಿಯ ನಮೂನೆಯನ್ನು ಕಂಡವರಿಗೆ ಅದರ ಕಲಂಗಳು ಬಾಯಿಪಾಠ: ಭೌತಿಕ ಗುರಿ, ಭೌತಿಕ ಸಾಧನೆ, ಆರ್ಥಿಕ ಗುರಿ, ಆರ್ಥಿಕ ಸಾಧನೆ, ಶೇಕಡಾವಾರು, ಕೊನೆಯಲ್ಲಿ ಅಂಗುಲದಷ್ಟು ಅಗಲದ ಷರಾ. ಇನ್ನೂರು ಹೊಲಿಗೆ ಯಂತ್ರ ಹಂಚಬೇಕಿತ್ತು, ಇನ್ನೂರೂ ಹಂಚಿಕೆಯಾದವು ಎಂದಿಟ್ಟುಕೊಳ್ಳಿ. ಸಾಧನೆ ಶೇ 100. ವರ್ಷ ಕಳೆದ ಮೇಲೆ ಅವುಗಳಲ್ಲಿ ಎಷ್ಟು ಓಡುತ್ತಿವೆ, ಪಡೆದವರ ವರಮಾನ ಒಂದಿಷ್ಟಾದರೂ ಹೆಚ್ಚಿತೇ ಎಂದು ಕೇಳುವ ಕಲಂ ಆ ನಮೂನೆಯಲ್ಲಿಲ್ಲ. ಷರಾದಲ್ಲಿ ನಾವು ಬರೆಯುತ್ತಿದ್ದುದು ‘ಪ್ರಗತಿಯಲ್ಲಿದೆ’ ಅಥವಾ ‘ಗುರಿ ಸಾಧಿಸಲಾಗಿದೆ’; ಬಹುತೇಕ ತಿಂಗಳು ಅದೂ ಇಲ್ಲ, ಬರೀ ಅಡ್ಡಗೆರೆ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಎದ್ದು ನಿಂತು ವಿವರಣೆ ಕೊಡಬೇಕಾದವರು ಅರವತ್ತು, ಎಪ್ಪತ್ತು ಬಂದವರು ಮಾತ್ರ. ನೂರು ಬಂದವರನ್ನು ಯಾರೂ ಏನೂ ಕೇಳಿದ್ದು ನನಗೆ ನೆನಪಿಲ್ಲ. ಈಗ ಕಾಗದದ ಜಾಗಕ್ಕೆ ಡ್ಯಾಶ್‌ಬೋರ್ಡ್ ಬಂದಿದೆ, ಅಂಕಿಗಳು ದಿನದಿನವೂ ಬದಲಾಗುತ್ತವೆ, ಬಣ್ಣಗಳೂ ಇವೆ. ಆದರೆ ಕಲಂಗಳು ಹೆಚ್ಚುಕಡಿಮೆ ಹಳೆಯವೇ.

ಸರ್ಕಾರ ಮಾಡಿದ್ದು ಒಂದು, ಅದರಿಂದ ಜನರ ಬದುಕಿನಲ್ಲಿ ಆದದ್ದು ಇನ್ನೊಂದು. ಈ ವ್ಯತ್ಯಾಸ ಆಳುವವರಿಗೆ ತಿಳಿಯದ್ದೇನಲ್ಲ. ಕೇಂದ್ರ ಸರ್ಕಾರ 2005ರಲ್ಲಿ ‘ಔಟ್‌ಕಮ್ ಬಜೆಟ್’ ಮಂಡಿಸಿದ್ದೇ ಖರ್ಚಿನ ಲೆಕ್ಕದಿಂದ ಫಲಿತಾಂಶದ ಲೆಕ್ಕಕ್ಕೆ ಹೊರಳುವ ಉದ್ದೇಶದಿಂದ. ಆದರೂ ಎರಡರ ನಡುವಿನ ಅಂತರ ಎಷ್ಟಿರಬಹುದು ಎಂಬುದಕ್ಕೆ ಶೌಚಾಲಯಗಳ ಲೆಕ್ಕವನ್ನೇ ನೋಡಬಹುದು. ಗ್ರಾಮೀಣ ಭಾರತವು ಬಯಲು ಶೌಚ ಮುಕ್ತವಾಗಿದೆ ಎಂದು 2019ರ ಅಕ್ಟೋಬರ್ 2ರಂದು ಘೋಷಿಸಲಾಯಿತು. 2019ರಿಂದ 2021ರ ನಡುವೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು, ಹಳ್ಳಿ ಪಟ್ಟಣಗಳೆರಡನ್ನೂ ಸೇರಿಸಿ, ದೇಶದ ಶೇ 19ರಷ್ಟು ಕುಟುಂಬಗಳು ಯಾವ ಶೌಚಾಲಯವನ್ನೂ ಬಳಸುತ್ತಿಲ್ಲ ಎಂದು ದಾಖಲಿಸಿತು. ಮೊದಲನೆಯದು ಕಟ್ಟಿದ್ದನ್ನು ಎಣಿಸಿದ ಲೆಕ್ಕ, ಎರಡನೆಯದು ಮನೆಯವರನ್ನು ಕೇಳಿ ಬರೆದುಕೊಂಡ ಲೆಕ್ಕ. ನ್ಯಾಯವಾಗಿ ಹೇಳಬೇಕೆಂದರೆ, 2015–16ರ ಸಮೀಕ್ಷೆಯಲ್ಲಿ ಇದೇ ಪ್ರಮಾಣ ಶೇ 39 ಇತ್ತು. ನಾಲ್ಕೈದು ವರ್ಷಗಳಲ್ಲಿ ಅದು ಅರ್ಧಕ್ಕೆ ಇಳಿದದ್ದು ಸಣ್ಣ ಸಾಧನೆಯಲ್ಲ. ನಿಜವಾದ ಆ ಸಾಧನೆಯನ್ನು ಹೇಳಿಕೊಳ್ಳುವ ಬದಲು ನೂರೇ ಬೇಕೆಂದು ಹಟ ಹಿಡಿದದ್ದರಿಂದ, ಉಳಿದ ಶೇ 19ರಷ್ಟು ಕುಟುಂಬಗಳು ಕಡತದಿಂದಲೇ ಮಾಯವಾದವು.

ಗುರಿಯೇ ಕೆಲಸವನ್ನು ತಿರುಚುವುದೂ ಉಂಟು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರಲ್ಲಿ ಶೇ 98ರಷ್ಟು ಮಂದಿಯನ್ನು ನಾಲ್ಕು ಗಂಟೆಯೊಳಗೆ ನೋಡಿ ಕಳುಹಿಸಬೇಕು ಇಲ್ಲವೇ ವಾರ್ಡಿಗೆ ಸೇರಿಸಬೇಕು ಎಂಬ ಗುರಿಯನ್ನು 2004ರಲ್ಲಿ ಜಾರಿಗೆ ತರಲಾಯಿತು. ಕಾಯುವ ಸಮಯ ನಿಜಕ್ಕೂ ಇಳಿಯಿತು. ಆದರೆ ರೋಗಿಗಳು ವಿಭಾಗದಿಂದ ಹೊರಬಿದ್ದ ಸಮಯವನ್ನು ನಕ್ಷೆಗಿಳಿಸಿದವರಿಗೆ, ನಾಲ್ಕನೆಯ ಗಂಟೆಯ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಗೆರೆ ಗೋಪುರದಂತೆ ಮೇಲೆದ್ದು, ಗಡುವು ದಾಟಿದೊಡನೆ ಧೊಪ್ಪನೆ ಬೀಳುವುದು ಕಂಡಿತು. ಕಾಯಿಲೆಗಳು ಗಡಿಯಾರ ನೋಡಿಕೊಂಡು ವಾಸಿಯಾಗುವುದಿಲ್ಲವಷ್ಟೆ. 2010ರಲ್ಲಿ ಆ ಗುರಿಯನ್ನು ಶೇ 95ಕ್ಕೆ ಸಡಿಲಿಸಲಾಯಿತು. ಅಂಕಿಯನ್ನು ನೋಡಿಯೇ ಬಹುಮಾನವನ್ನೋ ದಂಡವನ್ನೋ ಕೊಡತೊಡಗಿದರೆ ಅಂಕಿ ಕೆಡುತ್ತದೆ, ಅದು ಅಳೆಯಬೇಕಾದ ಕೆಲಸವೂ ಕೆಡುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಕ್ಯಾಂಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅಮೆರಿಕದ ಒಂದು ಪ್ರಯೋಗ, ಅದರಲ್ಲೂ ಅದರ ಒಂದೇ ಒಂದು ದರ್ಜೆ. ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರ ಆಡಳಿತ 2002ರಲ್ಲಿ ಆರಂಭಿಸಿದ ಮೌಲ್ಯಮಾಪನ ಪದ್ಧತಿಯಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಸುಮಾರು 25 ಪ್ರಶ್ನೆಗಳಿದ್ದವು. ಒಟ್ಟು ಅಂಕಗಳಲ್ಲಿ ಅರ್ಧ ಫಲಿತಾಂಶಕ್ಕೇ ಮೀಸಲು. ಪರಿಣಾಮಕಾರಿ, ಸಾಧಾರಣ, ನಿಷ್ಫಲ ಎಂಬಂಥ ದರ್ಜೆಗಳ ಜೊತೆಗೆ ‘ಫಲ ಸಾಬೀತಾಗಿಲ್ಲ’ ಎಂಬುದೂ ಒಂದು ದರ್ಜೆಯಾಗಿತ್ತು. ಮೊದಲ ಸುತ್ತಿನಲ್ಲಿ ಪರಿಶೀಲಿಸಿದ 234 ಕಾರ್ಯಕ್ರಮಗಳ ಪೈಕಿ ಅರ್ಧದಷ್ಟಕ್ಕೆ ಸಿಕ್ಕಿದ್ದು ಇದೇ. ಅವು ಸೋತವೆಂದಲ್ಲ, ಗೆದ್ದವೋ ಸೋತವೋ ಹೇಳಲು ಕೈಯಲ್ಲಿ ಆಧಾರವಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಿತು, ಅಷ್ಟೆ. ಆ ಪದ್ಧತಿಯಲ್ಲಿ ಲೋಪಗಳಿದ್ದವು, ಬಜೆಟ್ ಮಂಜೂರು ಮಾಡುವ ಸಂಸತ್ತು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಮುಂದಿನ ಆಡಳಿತ ಅದನ್ನು ಕೈಬಿಟ್ಟಿತು. ಹಾಗಿದ್ದೂ ‘ಗೊತ್ತಿಲ್ಲ’ ಎಂದು ಬರೆಯಲು ಅಲ್ಲಿ ಒಂದು ಜಾಗವಿತ್ತು. ನನ್ನ ಇಡೀ ಸೇವಾವಧಿಯಲ್ಲಿ ಅಂಥದೊಂದು ಕಲಂ ಇರುವ ನಮೂನೆ ನನ್ನ ಮೇಜಿಗೆ ಬರಲಿಲ್ಲ.

‘ಗೊತ್ತಿಲ್ಲ’ ಎನ್ನುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳಬೇಕಾದರೆ ಅಳತೆಯ ಏರ್ಪಾಡು ಯೋಜನೆಯ ಮೊದಲ ಕಂತು ಬಿಡುಗಡೆಯಾಗುವ ಮುನ್ನವೇ ಆಗಿರಬೇಕು. ಮೆಕ್ಸಿಕೊ ಇದನ್ನು ಮಾಡಿ ತೋರಿಸಿದೆ. ಮಕ್ಕಳನ್ನು ಶಾಲೆಗೂ ಮನೆಯವರನ್ನು ಆರೋಗ್ಯ ತಪಾಸಣೆಗೂ ಕಳುಹಿಸುವ ಬಡ ತಾಯಂದಿರಿಗೆ ಹಣ ನೀಡುವ ‘ಪ್ರೊಗ್ರೆಸಾ’ ಯೋಜನೆ 1997ರಲ್ಲಿ ಶುರುವಾದಾಗ, ಎಲ್ಲ ಹಳ್ಳಿಗಳಿಗೂ ಒಮ್ಮೆಲೇ ಹಣ ಒದಗಿಸುವುದು ಹೇಗೂ ಸಾಧ್ಯವಿರಲಿಲ್ಲ. ಆ ಕೊರತೆಯನ್ನೇ ಅನುಕೂಲ ಮಾಡಿಕೊಂಡು, ಅಧ್ಯಯನಕ್ಕೆ ಆಯ್ದ 506 ಹಳ್ಳಿಗಳ ಪೈಕಿ 320ಕ್ಕೆ ಮೊದಲು, ಉಳಿದ 186ಕ್ಕೆ ತಡವಾಗಿ ಎಂದು ಚೀಟಿ ಎತ್ತಿದಂತೆ ವಿಂಗಡಿಸಿದರು. ಎರಡೂ ಗುಂಪುಗಳ ಆರಂಭದ ಸ್ಥಿತಿಗತಿ ದಾಖಲಾಗಿದ್ದರಿಂದ, ಹೈಸ್ಕೂಲು ಹಂತಕ್ಕೆ ಸೇರುವ ಹೆಣ್ಣುಮಕ್ಕಳ ಸಂಖ್ಯೆ ಏರಿದ್ದು ಯೋಜನೆಯಿಂದಲೋ, ಕಾಲಧರ್ಮದಿಂದಲೋ ಎಂಬ ವಾದಕ್ಕೆ ಎಡೆ ಉಳಿಯಲಿಲ್ಲ. 2000ದಲ್ಲಿ ಏಳು ದಶಕಗಳ ಆಡಳಿತ ಪಕ್ಷ ಸೋತು ಹೊಸಬರು ಬಂದರೂ ಯೋಜನೆ ಹೆಸರು ಬದಲಿಸಿಕೊಂಡು ಉಳಿಯಿತು. ಕೈಯಲ್ಲಿದ್ದ ಆ ಪುರಾವೆಯೂ ಅದಕ್ಕೆ ಒಂದು ಕಾರಣ. ಸರ್ಕಾರ ಬದಲಾದೊಡನೆ ಯೋಜನೆಗಳೂ ಬದಲಾಗುವುದನ್ನು ಕಂಡ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ.

ಪ್ರತಿ ಸಣ್ಣ ಕಾರ್ಯಕ್ರಮಕ್ಕೂ ಇಷ್ಟು ದೊಡ್ಡ ಅಧ್ಯಯನ ಬೇಕೆಂದು ನಾನು ಹೇಳುತ್ತಿಲ್ಲ. ರಸ್ತೆಗೆ ಡಾಂಬರು ಹಾಕಿದರೆ ಹೋಗಿ ನೋಡಿದರಾಯಿತು. ಆದರೆ ಜನರ ಆರೋಗ್ಯ, ಕಲಿಕೆ, ವರಮಾನ ಬದಲಾಗುತ್ತದೆಂದು ಹೇಳಿ ದೊಡ್ಡ ಮೊತ್ತ ಕೇಳುವ ಯೋಜನೆಯ ಮಂಜೂರಾತಿ ಆದೇಶದಲ್ಲೇ ಮೂರು ಮಾತು ಇರಲೇಬೇಕು: ಇಂದಿನ ಸ್ಥಿತಿ ಏನು, ಎಷ್ಟು ವರ್ಷದಲ್ಲಿ ಏನು ಬದಲಾಗಬೇಕು, ಅದನ್ನು ಅಳೆಯುವವರು ಯಾರು. ಮೂರನೆಯದೇ ಕಷ್ಟದ್ದು. ಯೋಜನೆ ನಡೆಸಿದ ಇಲಾಖೆಯೇ ಅದರ ಫಲವನ್ನೂ ಅಳೆದರೆ ಪರೀಕ್ಷೆ ಬರೆದವನೇ ಉತ್ತರ ಪತ್ರಿಕೆ ತಿದ್ದಿದಂತಾಗುತ್ತದೆ. ಹೊರಗಿನ ಸಂಸ್ಥೆ ಕಟ್ಟಿದರೂ ಅದು ಬಾಳುತ್ತದೆಂಬ ಭರವಸೆಯಿಲ್ಲ. ಸಾಮಾಜಿಕ ಕಾರ್ಯಕ್ರಮಗಳ ಮೌಲ್ಯಮಾಪನಕ್ಕೆಂದು 2004ರ ಕಾನೂನಿನಡಿ ಹುಟ್ಟಿ, ಮುಂದೆ ಸಾಂವಿಧಾನಿಕ ಸ್ವಾಯತ್ತತೆಯನ್ನೂ ಪಡೆದಿದ್ದ ಮಂಡಳಿಯನ್ನು ಅದೇ ಮೆಕ್ಸಿಕೊ 2025ರಲ್ಲಿ ಮುಚ್ಚಿ, ಅದರ ಕೆಲಸವನ್ನು ಅಂಕಿಅಂಶ ಸಂಸ್ಥೆಗೆ ವಹಿಸಿತು.

ಕೊನೆಯದಾಗಿ ತಮ್ಮಲ್ಲೊಂದು ವಿನಂತಿ. ಶೇ 100 ಸಾಧನೆಯ ಪತ್ರಿಕಾ ಪ್ರಕಟಣೆ ತಮ್ಮ ಕಚೇರಿಗೆ ಬಂದಾಗ, ಯೋಜನೆ ಶುರುವಾಗುವ ಮುನ್ನ ಸ್ಥಿತಿ ಹೇಗಿತ್ತು, ಈಗಿನ ಸ್ಥಿತಿಯನ್ನು ಅಳೆದವರು ಯಾರು ಎಂದು ತಮ್ಮ ವರದಿಗಾರರು ಸಂಬಂಧಪಟ್ಟ ಅಧಿಕಾರಿಯನ್ನು ಕೇಳಲಿ, ಉತ್ತರ ಬಾರದಿದ್ದರೆ ಬಂದಿಲ್ಲವೆಂಬುದನ್ನೂ ಸುದ್ದಿಯಲ್ಲೇ ಅಚ್ಚು ಮಾಡಲಿ.

ಇಂತಿ,
ಒಬ್ಬ ನಿವೃತ್ತ ಸಾಂಖ್ಯಿಕ ನಿರೀಕ್ಷಕ