ಇಪ್ಪತ್ನಾಲ್ಕು ವಾರಗಳು ಮೂವತ್ತೆರಡಾದಾಗ ಜೊತೆಗಿದ್ದವರಿಗೆ

ಕಳೆದ ಸೋಮವಾರ ನನ್ನ ಕೆಲಸ ಕಾಯಂ ಆಯಿತು. ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಆರು ತಿಂಗಳ ಪ್ರೊಬೇಷನ್ ಮುಗಿಸಿದ ನಾನು ಈಗ ಅಲ್ಲಿ ವೆಬ್ ಡೆವಲಪರ್ ಆಗಿದ್ದೇನೆ. ಪತ್ರ ಕೈಗೆ ಬಂದ ಸಂಜೆ ತಿಪಟೂರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಆಮೇಲೆ ಒಂದು ಹಾಳೆಯನ್ನು ತೆಗೆದುಕೊಂಡು, ಇಲ್ಲಿಗೆ ಬರಲು ಯಾರು ಯಾರು ನೆರವಾದರು ಎಂದು ಬರೆಯಲು ಕುಳಿತೆ. ಹಾಳೆಯ ಒಂದು ಬದಿ ತುಂಬಿ ಹಿಂಬದಿಗೂ ಬರವಣಿಗೆ ಹೋಯಿತು. ಅವರಲ್ಲಿ ಕೆಲವರಿಗೆ ತಾವು ಮಾಡಿದ ಉಪಕಾರ ನೆನಪಿರಲಾರದು. ಆದ್ದರಿಂದ ಎಲ್ಲರೂ ಓದುವಂತೆ ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರುಗಳನ್ನು ಬರೆಯುವುದಿಲ್ಲ, ಓದಿದವರಿಗೆ ತಮ್ಮ ಗುರುತು ಸಿಗುತ್ತದೆ.

ನಾನು ಓದಿದ್ದು ಕನ್ನಡ ಎಂ.ಎ. ಆರು ವರ್ಷ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಹಳಗನ್ನಡ ಕಾವ್ಯವನ್ನೂ ವ್ಯಾಕರಣವನ್ನೂ ಕಲಿಸಿದೆ. ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಹಾಕಬೇಕಿತ್ತು, ರಜೆಯ ತಿಂಗಳುಗಳಲ್ಲಿ ಗೌರವಧನ ಇರುತ್ತಿರಲಿಲ್ಲ. ಏಳನೆಯ ವರ್ಷ ಕಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದದ್ದರಿಂದ ನನಗೆ ಪಾಠದ ಅವಧಿಗಳೇ ಉಳಿಯಲಿಲ್ಲ. ಆ ಬೇಸಿಗೆಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಇಪ್ಪತ್ನಾಲ್ಕು ವಾರಗಳಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಒಂದು ಕೋಡಿಂಗ್ ಬೂಟ್‌ಕ್ಯಾಂಪ್‌ಗೆ ಅರ್ಜಿ ಹಾಕಿದೆ. ಪ್ರವೇಶ ಪರೀಕ್ಷೆಯಲ್ಲಿ ತರ್ಕದ ಪ್ರಶ್ನೆಗಳಿದ್ದವೇ ಹೊರತು ಕಂಪ್ಯೂಟರ್ ವಿಜ್ಞಾನದ ಪದವಿಯನ್ನು ಯಾರೂ ಕೇಳಲಿಲ್ಲ.

ಮೊದಲ ಕೃತಜ್ಞತೆ ನನ್ನ ಸೋದರಮಾವನಿಗೆ. ಅವರು ವೃತ್ತಿಯಿಂದ ವಕೀಲರು. ಬೂಟ್‌ಕ್ಯಾಂಪ್‌ನೊಂದಿಗಿನ ಒಪ್ಪಂದದಂತೆ ಆರಂಭದಲ್ಲಿ ಶುಲ್ಕವಿರಲಿಲ್ಲ, ಕೆಲಸ ಸಿಕ್ಕ ಮೇಲೆ ಸಂಬಳದಿಂದ ಕಂತು ಕಟ್ಟಬೇಕಿತ್ತು. ನಾನು ಸಹಿ ಹಾಕಲು ಅವಸರ ಮಾಡುತ್ತಿದ್ದಾಗ ಅವರು ಹನ್ನೊಂದು ಪುಟಗಳನ್ನೂ ನನ್ನ ಎದುರಿನಲ್ಲೇ ಕುಳಿತು ಓದಿಸಿದರು. ಎಷ್ಟು ಸಂಬಳ ಬಂದರೆ ಕಂತು ಆರಂಭವಾಗುತ್ತದೆ, ಒಟ್ಟು ಕಟ್ಟಬೇಕಾದ ಗರಿಷ್ಠ ಮೊತ್ತವೆಷ್ಟು, ನಡುವೆ ಬಿಟ್ಟುಹೋದರೆ ಏನಾಗುತ್ತದೆ, ಈ ಕ್ಷೇತ್ರಕ್ಕೆ ಸಂಬಂಧವಿಲ್ಲದ ಕೆಲಸ ಸಿಕ್ಕರೂ ಕಟ್ಟಬೇಕೇ ಎಂಬ ನಾಲ್ಕು ಪ್ರಶ್ನೆಗಳನ್ನು ಬರೆದುಕೊಟ್ಟು, ಲಿಖಿತ ಉತ್ತರ ತರಿಸಿಕೊಂಡ ಮೇಲೆಯೇ ಸಹಿ ಹಾಕಬೇಕೆಂದರು. ಇಂಥ ತರಬೇತಿಗೆ ಸೇರಲು ಯೋಚಿಸುತ್ತಿರುವವರು ಈ ನಾಲ್ಕು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಭಾವ ತಮ್ಮ ಹಳೆಯ ಲ್ಯಾಪ್‌ಟಾಪ್ ಕೊಟ್ಟರು. ಅದರಲ್ಲಿ 4 ಜಿಬಿ ರ‍್ಯಾಮ್ ಇತ್ತು; ಬ್ರೌಸರ್ ಮತ್ತು ಕೋಡ್ ಎಡಿಟರ್ ಎರಡನ್ನೂ ತೆರೆದರೆ ಯಂತ್ರ ನಿಂತುಬಿಡುತ್ತಿತ್ತು. ಮೂರನೆಯ ವಾರ ತರಗತಿಯ ಇಬ್ಬರು ಹುಡುಗಿಯರು ನನ್ನನ್ನು ಎಸ್.ಪಿ. ರಸ್ತೆಗೆ ಕರೆದುಕೊಂಡು ಹೋದರು. ನಾಲ್ಕು ಅಂಗಡಿಗಳಲ್ಲಿ ಬೆಲೆ ವಿಚಾರಿಸಿ, ಐದನೆಯದರಲ್ಲಿ ಇನ್ನೊಂದು 4 ಜಿಬಿಯನ್ನೂ ಒಂದು ಎಸ್‌ಎಸ್‌ಡಿಯನ್ನೂ ಹಾಕಿಸಿಕೊಟ್ಟರು. ತಿಂಗಳ ಕೊನೆಯಾಗಿದ್ದರಿಂದ ಹಣವನ್ನು ಅವರಿಬ್ಬರೇ ಹಂಚಿಕೊಂಡು ಕೊಟ್ಟಿದ್ದರು. ಅದನ್ನು ಮರಳಿಸಿ ಬಹಳ ದಿನಗಳಾದವು, ಆದರೆ ಆ ಮಧ್ಯಾಹ್ನವನ್ನು ಮರಳಿಸುವ ಬಗೆ ನನಗೆ ತಿಳಿಯದು.

ತರಗತಿ ಬೆಳಿಗ್ಗೆ 9ಕ್ಕೆ ಆರಂಭವಾಗಿ ರಾತ್ರಿ 9ಕ್ಕೆ ಮುಗಿಯುತ್ತಿತ್ತು, ವಾರಕ್ಕೆ ಆರು ದಿನ. ವೆಬ್ ಪುಟದ ರಚನೆಯನ್ನು ಗುರುತಿಸುವ ಎಚ್‌ಟಿಎಂಎಲ್ ಮತ್ತು ಅದರ ನೋಟವನ್ನು ರೂಪಿಸುವ ಸಿಎಸ್‌ಎಸ್ ನಾಲ್ಕು ವಾರಗಳಲ್ಲಿ ಮುಗಿದವು. ಅವುಗಳಲ್ಲಿ ನನಗೆ ಸಂತೋಷವೇ ಇತ್ತು. ಶೀರ್ಷಿಕೆ, ಪರಿಚ್ಛೇದ, ಪಟ್ಟಿ ಎಂದು ಬರಹದ ಅಂಗಾಂಗಗಳನ್ನು ಗುರುತಿಸುವುದು ಕನ್ನಡ ಮೇಷ್ಟ್ರಿಗೆ ಹೊಸದೇನಲ್ಲ. ಕಷ್ಟ ಬಂದದ್ದು ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ, ಅದರಲ್ಲೂ ಒಂದು ಕೆಲಸ ಮುಗಿಯುವವರೆಗೆ ಕಾಯದೆ ಮುಂದಿನದಕ್ಕೆ ಹೋಗುವ ಅಸಿಂಕ್ರೋನಸ್ ಭಾಗದಲ್ಲಿ. ಸರ್ವರ್‌ನಿಂದ ಮಾಹಿತಿ ತರಿಸುವ ಸಾಲನ್ನು ಬರೆದು, ಅದರ ಕೆಳಗೇ ಅದನ್ನು ಮುದ್ರಿಸಲು ಹೇಳಿದರೆ, ಮಾಹಿತಿಯ ಬದಲು ‘ಪ್ರಾಮಿಸ್, ಪೆಂಡಿಂಗ್’ ಎಂಬ ಎರಡು ಪದಗಳು ಬರುತ್ತಿದ್ದವು. ಬರೆದ ಕ್ರಮದಲ್ಲಿ ಕೋಡ್ ಏಕೆ ನಡೆಯುವುದಿಲ್ಲ ಎಂಬುದು ನನಗೆ ಹಿಡಿತಕ್ಕೆ ಸಿಗಲಿಲ್ಲ. ಶನಿವಾರದ ಪರೀಕ್ಷೆಯಲ್ಲಿ ಒಮ್ಮೆ ಸೋತೆ, ಮರುಪರೀಕ್ಷೆಯಲ್ಲೂ ಸೋತೆ. ನಿಯಮದಂತೆ ನನ್ನನ್ನು ನಮ್ಮ ನಂತರ ಸೇರಿದ ಬ್ಯಾಚ್‌ಗೆ ಇಳಿಸಿದರು, ಮತ್ತು ಎಂಟು ವಾರಗಳ ಪಾಠವನ್ನು ನಾನು ಮೊದಲಿನಿಂದ ಕೇಳಬೇಕಾಯಿತು.

ಆ ರಾತ್ರಿ ನಾನು ಪಿ.ಜಿ.ಗೆ ಬಂದು ಊಟ ಬೇಡವೆಂದು ಮಲಗಿದ್ದೆ. ಪಿ.ಜಿ. ನಡೆಸುವ ಆಂಟಿ ಒಂದು ಮಾತನ್ನೂ ಕೇಳದೆ ಮೊಸರನ್ನ ಕಲಸಿ ಕೋಣೆಯ ಬಾಗಿಲಲ್ಲಿಟ್ಟು ಹೋದರು. ಮರುದಿನದಿಂದ ರಾತ್ರಿ ಒಂಬತ್ತೂವರೆಗೆ ಅಡುಗೆಮನೆ ಮುಚ್ಚುವ ನಿಯಮ ನನಗೆ ಮಾತ್ರ ಹತ್ತು ಗಂಟೆಯವರೆಗೆ ಸಡಿಲವಾಯಿತು. ಆಂಟಿ, ನಿಮಗೆ ನನ್ನ ನಮಸ್ಕಾರ.

ಹೊಸ ಬ್ಯಾಚ್‌ನ ಮೆಂಟರ್ ಸರ್ ನನ್ನನ್ನು ಮೊದಲ ದಿನವೇ ಕರೆದು, ಎಲ್ಲಿ ಅರ್ಥವಾಗುತ್ತಿಲ್ಲವೋ ಅದನ್ನು ಕನ್ನಡದಲ್ಲಿ ಹೇಳಿ ಎಂದರು. ನಾನು ಹೇಳುತ್ತಾ ಹೋದಂತೆ, ಗೊಂದಲ ಇದ್ದದ್ದು ಒಂದೇ ಕಡೆ ಎಂಬುದು ನನಗೇ ಕಾಣಿಸಿತು. ಅವರು ನನ್ನನ್ನು ಕೆಳಗಿನ ದರ್ಶಿನಿಗೆ ಕರೆದುಕೊಂಡು ಹೋದರು. ಕೌಂಟರಿನಲ್ಲಿ ಹಣ ಕೊಟ್ಟರೆ ಕ್ಯಾಷಿಯರ್ ಬಿಲ್ಲು ಹರಿದುಕೊಡುತ್ತಾರೆ. ದೋಸೆ ಆಗುವವರೆಗೆ ಅವರು ಕಾಯುತ್ತಾ ನಿಲ್ಲುವುದಿಲ್ಲ, ಮುಂದಿನವರ ಹಣ ತೆಗೆದುಕೊಳ್ಳುತ್ತಾರೆ. ಬಿಲ್ಲು ಕೈಯಲ್ಲಿದೆ ಎಂದ ಮಾತ್ರಕ್ಕೆ ದೋಸೆ ಕೈಯಲ್ಲಿದೆ ಎಂದಲ್ಲ. ಪ್ರಾಮಿಸ್ ಎಂದರೆ ಆ ಬಿಲ್ಲು, ಪೆಂಡಿಂಗ್ ಎಂದರೆ ಹಂಚಿನ ಮೇಲಿರುವ ದೋಸೆ, ‘ಅವೇಟ್’ ಎಂದು ಬರೆಯುವುದೆಂದರೆ ದೋಸೆ ಬಂದ ಮೇಲೆಯೇ ನನ್ನ ಮುಂದಿನ ಕೆಲಸ ಎಂದು ಹೇಳುವುದು. ಆಗಲೂ ಕ್ಯಾಷಿಯರ್ ನಿಲ್ಲುವುದಿಲ್ಲ. ಅಂದು ಸಂಜೆ ನಾನು ಬರೆದ ಕೋಡ್ ಮೊದಲ ಬಾರಿಗೆ ಸರ್ವರ್‌ನಿಂದ ಹೆಸರುಗಳ ಪಟ್ಟಿಯೊಂದನ್ನು ತಂದು ಪರದೆಯ ಮೇಲೆ ತೋರಿಸಿತು.

ಅವರು ಕಲಿಸಿದ ಇನ್ನೊಂದು ಅಭ್ಯಾಸ ಇಂದಿಗೂ ನನ್ನ ಜೊತೆಗಿದೆ. ಪರದೆಯಲ್ಲಿ ದೋಷ ತಿಳಿಸುವ ಕೆಂಪು ಅಕ್ಷರಗಳು ಬಂದೊಡನೆ ನಾನು ಗಾಬರಿಯಿಂದ ಅವನ್ನು ಅಳಿಸಿಬಿಡುತ್ತಿದ್ದೆ. ಅವರು ಅದನ್ನು ಗಟ್ಟಿಯಾಗಿ ಓದಿಸುತ್ತಿದ್ದರು: ಮೊದಲು ಕಡತದ ಹೆಸರು, ಆಮೇಲೆ ಸಾಲಿನ ಸಂಖ್ಯೆ, ಕೊನೆಗೆ ವಾಕ್ಯ. ಇಲ್ಲದ ವಸ್ತುವಿನ ಗುಣವನ್ನು ಓದಲಾಗದು ಎಂದು ಯಂತ್ರ ಹೇಳುತ್ತಿದ್ದರೆ, ಆ ವಸ್ತು ಇಲ್ಲಿಗೆ ಬರುವ ಮೊದಲೇ ಎಲ್ಲಿ ಇಲ್ಲವಾಯಿತು ಎಂದು ಹಿಂದಕ್ಕೆ ಹೋಗಿ ಹುಡುಕಬೇಕು. ಸರ್, ನೀವು ಒಂದೇ ಒಂದು ಸಲವೂ ನನ್ನ ಕೀಬೋರ್ಡನ್ನು ಮುಟ್ಟಲಿಲ್ಲ. ಉತ್ತರ ಗೊತ್ತಿದ್ದೂ ಸುಮ್ಮನೆ ಕುಳಿತಿರುವುದು ಎಷ್ಟು ಕಷ್ಟವೆಂದು ಪಾಠ ಮಾಡಿದ ನನಗೆ ಗೊತ್ತು.

ಈಗ ಹೊಸಪೇಟೆಯ ಹುಡುಗನ ವಿಷಯಕ್ಕೆ ಬರುತ್ತೇನೆ. ಬಿ.ಸಿ.ಎ. ಮುಗಿಸಿ ಬಂದಿದ್ದ, ನನಗಿಂತ ಒಂಬತ್ತು ವರ್ಷ ಚಿಕ್ಕವನಾದ ಈತ ಕೊನೆಯ ಪ್ರಾಜೆಕ್ಟ್‌ನಲ್ಲಿ ನನಗೆ ಜೋಡಿಯಾದ. ಹೆಚ್ಚಿನವರು ಆನ್‌ಲೈನ್ ಅಂಗಡಿಗಳ ಪ್ರತಿರೂಪಗಳನ್ನು ಮಾಡುತ್ತಿದ್ದರು. ನಾನು ಸಂಕೋಚದಿಂದಲೇ ಕನ್ನಡ ಪದಬಂಧ ಮಾಡೋಣವೇ ಎಂದಾಗ, “ಮಾಡೋಣ ಅಕ್ಕಾರ, ನೀವು ವ್ಯಾಕರಣ ನೋಡ್ಕೊಳ್ರಿ, ನಾ ಸರ್ವರ್ ನೋಡ್ಕೊತೀನಿ” ಎಂದ. ನನಗೆ ಬರುವ ಒಂದು ವಿದ್ಯೆಗೆ ಆ ಕೋಣೆಯಲ್ಲಿ ಬೆಲೆ ಇದೆ ಎಂದು ಮೊದಲು ಹೇಳಿದವನು ಅವನೇ.

ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ. ಆದರೆ ಅಕ್ಷರ ಎಂದರೇನು ಎಂಬುದರಲ್ಲಿ ಯಂತ್ರಕ್ಕೂ ನಮಗೂ ಒಮ್ಮತವಿಲ್ಲ. ‘ಅಕ್ಷರ’ ಎಂಬ ಪದದಲ್ಲಿ ನಾವು ಮೂರನ್ನು ಎಣಿಸಿದರೆ ಜಾವಾಸ್ಕ್ರಿಪ್ಟ್ ಐದು ಎನ್ನುತ್ತದೆ, ಏಕೆಂದರೆ ಅಕ್ಷರಗಳಿಗೆ ಸಂಕೇತ ಸಂಖ್ಯೆ ಕೊಡುವ ಜಾಗತಿಕ ಪದ್ಧತಿಯಾದ ಯೂನಿಕೋಡ್‌ನಲ್ಲಿ ‘ಕ್ಷ’ ಎಂಬುದು ಕಕಾರ, ವಿರಾಮ ಚಿಹ್ನೆ, ಷಕಾರ ಎಂದು ಮೂರು ಸಂಕೇತಗಳಾಗಿ ಕುಳಿತಿರುತ್ತದೆ. ‘ಸ್ತ್ರೀ’ ನಮಗೆ ಒಂದು, ಅದಕ್ಕೆ ಆರು. ‘ಸೂರ್ಯ’ದಲ್ಲಿ ಅರ್ಕಾವತ್ತು ಕಣ್ಣಿಗೆ ಯಕಾರದ ಆಚೆ ಕಂಡರೂ ಒಳಗೆ ರಕಾರವೇ ಮೊದಲು ನಿಂತಿರುತ್ತದೆ. ನಾನು ಬಿ.ಎ. ತರಗತಿಯಲ್ಲಿ ಹೇಳುತ್ತಿದ್ದ ಪಾಠವನ್ನೇ ನಿಯಮವಾಗಿ ಬರೆದೆವು: ಸ್ವರ ಒಂಟಿಯಾಗಿ ನಿಲ್ಲಬಹುದು, ವ್ಯಂಜನವು ತನ್ನ ಒತ್ತಕ್ಷರಗಳನ್ನೂ ಗುಣಿತದ ಚಿಹ್ನೆಯನ್ನೂ ಜೊತೆಗೆ ಕರೆದೊಯ್ಯುತ್ತದೆ, ಯೋಗವಾಹಗಳಾದ ಅನುಸ್ವಾರ, ವಿಸರ್ಗಗಳು ಸ್ವತಂತ್ರವಾಗಿ ನಿಲ್ಲಲಾರವಾದ್ದರಿಂದ ಹಿಂದಿನ ಚೌಕಕ್ಕೇ ಸೇರುತ್ತವೆ, ‘ಬಸ್’ ಎಂಬಲ್ಲಿಯಂತೆ ಪದದ ಕೊನೆಯಲ್ಲಿ ಸ್ವರವಿಲ್ಲದ ವ್ಯಂಜನ ಬಂದರೆ ಅದಕ್ಕೆ ತನ್ನದೇ ಚೌಕ. ಇಷ್ಟನ್ನೂ ಬರಹದಲ್ಲಿನ ಮಾದರಿಗಳನ್ನು ಹುಡುಕುವ ಸೂತ್ರವಾದ ಒಂದೇ ಸಾಲಿನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಹಿಡಿದಿಡಲು ನಮಗೆ ಮೂರು ದಿನ ಬೇಕಾಯಿತು.

ಪದಗಳನ್ನೂ ಸುಳಿವುಗಳನ್ನೂ ಒದಗಿಸಿದವರು ಅಮ್ಮ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಮಾಡಿ ನಿವೃತ್ತರಾದ ಅವರು, ತಮ್ಮ ಮೊಬೈಲಿನಲ್ಲಿ ಒಂದೊಂದಾಗಿ ಒತ್ತಿ 612 ಪದಗಳನ್ನು ಕಳುಹಿಸಿದರು. ಪ್ರದರ್ಶನಕ್ಕೆ ಎರಡು ದಿನ ಉಳಿದಿದ್ದಾಗ ಒಂದು ವಿಚಿತ್ರ ದೋಷ ಕಾಣಿಸಿಕೊಂಡಿತು. ‘ಗಂಧ’ ಎಂದು ಸರಿಯಾಗಿ ತುಂಬಿದರೂ ಆಟ ತಪ್ಪು ಎನ್ನುತ್ತಿತ್ತು. ‘ಪದಬಂಧ’ವೂ ತಪ್ಪು, ‘ಅಂಗಳ’ವೂ ತಪ್ಪು, ‘ಕಮಲ’ ಮಾತ್ರ ಸರಿ. ನಾವು ತುಂಬಿದ ಪದವೂ ಅಮ್ಮ ಕಳುಹಿಸಿದ ಪದವೂ ಪರದೆಯಲ್ಲಿ ಒಂದೇ ರೀತಿ ಕಾಣುತ್ತಿದ್ದವು. ನನ್ನ ನಿಯಮವೇ ತಪ್ಪಿರಬೇಕೆಂದು ನಾನು ಅದನ್ನು ಕಿತ್ತುಹಾಕಲು ಹೊರಟಿದ್ದೆ. ಹೊಸಪೇಟೆಯ ಹುಡುಗ ರಾತ್ರಿ ಹನ್ನೊಂದು ಗಂಟೆಗೆ ಫೋನಿನಲ್ಲೇ ನನ್ನನ್ನು ತಡೆದು, ಎರಡೂ ಪದಗಳ ಪ್ರತಿ ಸಂಕೇತದ ಸಂಖ್ಯೆಯನ್ನು ಮುದ್ರಿಸೋಣ ಎಂದ. ಒಂದರಲ್ಲಿ 3202 ಬಂತು, ಇನ್ನೊಂದರಲ್ಲಿ 3302. ಮೊದಲನೆಯದು ಅನುಸ್ವಾರ, ಎರಡನೆಯದು ಕನ್ನಡದ ಅಂಕಿ ಸೊನ್ನೆ. ಜೀವನವಿಡೀ ಮಕ್ಕಳಿಗೆ “ಗಕಾರದ ಪಕ್ಕ ಸೊನ್ನೆ ಹಾಕು” ಎಂದೇ ಹೇಳಿಕೊಟ್ಟಿದ್ದ ಅಮ್ಮ, ಕೀಲಿಮಣೆಯಲ್ಲೂ ಸೊನ್ನೆಯನ್ನೇ ಹುಡುಕಿ ಒತ್ತಿದ್ದರು.

ಅಕ್ಷರದ ಪಕ್ಕದಲ್ಲಿ ಸೊನ್ನೆ ಬಂದರೆ ಅದನ್ನು ಅನುಸ್ವಾರವಾಗಿ ಬದಲಿಸುವ ನಾಲ್ಕು ಸಾಲು ಬರೆದಾಗ 87 ಪದಗಳು ಒಮ್ಮೆಗೇ ಸರಿಯಾದವು. ಪ್ರದರ್ಶನದ ದಿನ ನಾವು ಈ ದೋಷದ ಕಥೆಯನ್ನೇ ವಿವರಿಸಿದೆವು. ಮುಂದೆ ನನ್ನ ಸಂದರ್ಶನದಲ್ಲಿಯೂ, ನೀವು ಬಿಡಿಸಿದ ಒಂದು ಕಠಿಣ ಸಮಸ್ಯೆಯನ್ನು ಹೇಳಿ ಎಂದು ಕೇಳಿದಾಗ, ಇದನ್ನೇ ಹೇಳಿದೆ. ಅರ್ಧ ಗಂಟೆಯ ಸಂದರ್ಶನ ಒಂದೂವರೆ ಗಂಟೆ ನಡೆಯಿತು. ಆದ್ದರಿಂದ ಈ ಕೆಲಸದಲ್ಲಿ ಅಮ್ಮನ ಪಾಲೂ ಆ ಹುಡುಗನ ಪಾಲೂ ನನ್ನ ಪಾಲಿಗಿಂತ ಕಡಿಮೆಯಿಲ್ಲ.

ಆ ಸಂದರ್ಶನ ನನ್ನ ಇಪ್ಪತ್ತಮೂರನೆಯದು. ಅದಕ್ಕೆ ಮೊದಲು ಒಂದು ಕಡೆ, ಕನ್ನಡ ಓದಿದವರು ಇಲ್ಲಿಗೇಕೆ ಬಂದಿರಿ ಎಂದು ಕೇಳಿ ಹತ್ತು ನಿಮಿಷಕ್ಕೇ ಕಳುಹಿಸಿದ್ದರು. ಅಂಥ ದಿನಗಳಲ್ಲಿ ಅಕ್ಕ ಪ್ರತಿ ಸಂಜೆ ಫೋನ್ ಮಾಡಿ, ಸಂದರ್ಶನದ ಸುದ್ದಿಯನ್ನೇ ಎತ್ತದೆ, ಮನೆಯ ಮಾತಾಡಿ ಇಡುತ್ತಿದ್ದಳು. ಕೇಳದೆ ಇದ್ದುದಕ್ಕಾಗಿ ಅಕ್ಕನಿಗೆ ನಾನು ಋಣಿ.

ನಾನೆಂದೂ ಭೇಟಿಯಾಗದವರನ್ನೂ ಇಲ್ಲಿ ನೆನೆಯಬೇಕು. 1993ರ ಏಪ್ರಿಲ್ 30ರಂದು ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸರ್ನ್ ಟಿಮ್ ಬರ್ನರ್ಸ್-ಲೀ ಅವರು ರೂಪಿಸಿದ ವರ್ಲ್ಡ್ ವೈಡ್ ವೆಬ್‌ನ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿತು. ನಾನು ದಿನವೂ ಬಳಸುವ ಗಿಟ್, ನೋಡ್, ರಿಯಾಕ್ಟ್ ಎಂಬ ತಂತ್ರಾಂಶ ಸಾಧನಗಳೆಲ್ಲವೂ ಮುಕ್ತವಾಗಿ ದೊರೆಯುವಂಥವು. ವೆಬ್ ತಂತ್ರಜ್ಞಾನದ ಆಕರ ತಾಣವಾದ ಎಂಡಿಎನ್‌ನ ಪುಟಗಳನ್ನು ಬರೆದು ತಿದ್ದುವವರು, ಫ್ರೀಕೋಡ್‌ಕ್ಯಾಂಪ್‌ನ ಪಾಠಗಳನ್ನು ಉಚಿತವಾಗಿ ಕೊಡುವವರು, ಕನ್ನಡಕ್ಕೆ ಮುಕ್ತ ಪರವಾನಗಿಯ ಫಾಂಟ್‌ಗಳನ್ನು ರೂಪಿಸಿದವರು, ಇವರೆಲ್ಲರ ದುಡಿಮೆ ಇಲ್ಲದಿದ್ದರೆ ತಿಂಗಳ ಕೊನೆಗೆ ಕೈಯಲ್ಲಿ ಹಣವಿಲ್ಲದ ಒಬ್ಬ ಅತಿಥಿ ಉಪನ್ಯಾಸಕಿಗೆ ಈ ವಿದ್ಯೆಯ ಬಾಗಿಲು ತೆರೆಯುತ್ತಿರಲಿಲ್ಲ. ಅಕ್ಷರಗಳನ್ನು ಬಿಡಿಸುವ ನಮ್ಮ ಆ ಒಂದು ಸಾಲನ್ನೂ ಸೊನ್ನೆ ತಿದ್ದುವ ನಾಲ್ಕು ಸಾಲನ್ನೂ ನಾವಿಬ್ಬರೂ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಮುಕ್ತವಾಗಿ ಇಟ್ಟಿದ್ದೇವೆ. ಬೇಕಾದವರು ಬಳಸಿಕೊಳ್ಳಲಿ, ತಪ್ಪು ಕಂಡರೆ ತಿದ್ದಲಿ.

ನಮ್ಮ ಬ್ಯಾಚ್‌ನ ಹನ್ನೊಂದು ಮಂದಿ ಇನ್ನೂ ಕೆಲಸ ಹುಡುಕುತ್ತಿದ್ದಾರೆ. ನನಗಿಂತ ಚೆನ್ನಾಗಿ ಕೋಡ್ ಬರೆಯುವವರು ಅವರಲ್ಲಿದ್ದಾರೆ, ಆದ್ದರಿಂದ ಇದನ್ನು ಬರೆಯುವಾಗ ಅವರ ಮುಖಗಳೇ ಕಣ್ಣ ಮುಂದಿವೆ. ಭಾನುವಾರ ಸಂಜೆ ನಾಲ್ಕರ ನಂತರ ನಾನು ಬಿಡುವಾಗಿರುತ್ತೇನೆ. ಅಣಕು ಸಂದರ್ಶನ ಮಾಡಲು, ಕೋಡ್ ಓದಲು, ಅಥವಾ ಸುಮ್ಮನೆ ಮಾತನಾಡಲು ನಿಮ್ಮಲ್ಲಿ ಯಾರು ಬೇಕಾದರೂ ಕರೆಯಬಹುದು. ಹೊಸಪೇಟೆಯ ಹುಡುಗನೂ ಜೊತೆಗಿರುತ್ತೇನೆಂದು ಹೇಳಿದ್ದಾನೆ.

ಅಮ್ಮ ನಿನ್ನೆ ರಾತ್ರಿ ಮತ್ತೆ ನಲವತ್ತು ಪದಗಳನ್ನು ಕಳುಹಿಸಿದ್ದಾರೆ. ಸಂಖ್ಯೆಗಳನ್ನು ಮುದ್ರಿಸಿ ನೋಡಿದೆ. ಎಲ್ಲಾ ಕಡೆಯೂ 3202 ಇದೆ.